ಆರು ಮುಖದಕ್ಕನ ಏಳನೆಯ ಮುಖ

ಪ್ರಚಾರದ ಆ ಸಣ್ಣ ಕಚೇರಿಯಲ್ಲಿ ಅವಳಿಗೆ ‘ಆರು ಮುಖದಕ್ಕ’ ಎಂದು ಹೆಸರಿಟ್ಟವನು ಅಲ್ಲಿನ ಫೋಟೋಗ್ರಾಫರ್. ಹಲ್ಲಿನ ಆಸ್ಪತ್ರೆ, ಸೋಫಾ ಅಂಗಡಿ, ವಾಷಿಂಗ್ ಮಷೀನ್ ಕಂಪನಿ, ಹೀಗೆ ಆರು ಗ್ರಾಹಕರ ಜಾಲತಾಣದ ಖಾತೆಗಳು ಅವಳೊಬ್ಬಳ ಮೊಬೈಲಿನಲ್ಲಿದ್ದವು. ಬೆಳಗ್ಗೆ ಹಲ್ಲಿನ ವೈದ್ಯರಾಗಿ ಗದರಿ, ಮಧ್ಯಾಹ್ನ ಸೋಫಾ ಆಗಿ ಓಲೈಸಿ, ಸಂಜೆ ವಾಷಿಂಗ್ ಮಷೀನಾಗಿ ಕ್ಷಮೆ ಕೇಳುವುದು ಅವಳ ಹೊಟ್ಟೆಪಾಡು.

ಹದಿನೈದು ವರ್ಷಗಳ ಹಿಂದೆ ಪತ್ರಿಕಾ ಪ್ರಕಟಣೆಗಳನ್ನು ಬೆರಳಚ್ಚು ಮಾಡಲೆಂದು ಸೇರಿದವಳು. ಆಗ ಒಂದು ತಪ್ಪು ಬೀದಿಗೆ ಬರಬೇಕಾದರೆ ಮೂವರ ಕಣ್ಣು ತಪ್ಪಿಸಬೇಕಿತ್ತು. ಈಗ ಒಂದು ಹೆಬ್ಬೆರಳು ಸಾಕು. ಅದಕ್ಕೇ ಅವಳು ತನಗೊಂದು ನಿಯಮ ಹಾಕಿಕೊಂಡಿದ್ದಳು: ಏನನ್ನೇ ಪ್ರಕಟಿಸುವ ಮುನ್ನ ಪರದೆಯ ಮೂಲೆಯ ಪುಟ್ಟ ದುಂಡು ಚಿತ್ರವನ್ನು ಮುಟ್ಟಿ, ಆಗ ತಾನು ಯಾರ ಮುಖ ತೊಟ್ಟಿದ್ದೇನೆಂದು ನೋಡಿಕೊಳ್ಳುವುದು. ಏಳು ವರ್ಷ ಆ ನಿಯಮ ಅವಳನ್ನು ಕಾಪಾಡಿತ್ತು. ಅಥವಾ ಅದೃಷ್ಟವೇ ಕಾಪಾಡಿತ್ತೋ, ಹೇಳುವುದು ಕಷ್ಟ. ಅಂಥ ಅನುಮಾನ ಅವಳ ಹುಟ್ಟುಗುಣ. ಲೈಕುಗಳು ಏರಿದ್ದರಿಂದಲೇ ಮಾರಾಟ ಏರಿತೆಂದು ಕಚೇರಿಯ ಯಜಮಾನರು ಹಿಗ್ಗಿದಾಗಲೆಲ್ಲ, “ನನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅಂದ ಅಜ್ಜಿ ಲೆಕ್ಕ ಬೇಡ ಸರ್” ಎನ್ನುತ್ತಿದ್ದಳು.

ಒಂದು ರಜಾದಿನ ಮನೆಯ ವಾಷಿಂಗ್ ಮಷೀನು ಹೊಟ್ಟೆ ತುಂಬ ನೀರಿಟ್ಟುಕೊಂಡು ನಿಂತುಬಿಟ್ಟಿತು. ಅವಳು ಪ್ರಚಾರ ಮಾಡುತ್ತಿದ್ದ ಕಂಪನಿಯದೇ; ಕೊಂಡು ಹನ್ನೊಂದು ತಿಂಗಳಾಗಿತ್ತು. ನಾಲ್ಕು ಸಲ ದೂರು ಕೊಟ್ಟಾಗಲೂ ದೂರಿನ ಸಂಖ್ಯೆ ಬಂದಿತ್ತೇ ಹೊರತು ಮೆಕ್ಯಾನಿಕ್ ಬಂದಿರಲಿಲ್ಲ. ಬಚ್ಚಲಲ್ಲಿ ಅತ್ತೆ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡೇ ಹೊದಿಕೆ ಹಿಂಡುತ್ತಿದ್ದರು.

“ಬಿಡಿ ಅತ್ತೆ, ನಾನು ಹಿಂಡ್ತೀನಿ.”

“ನೀನು ಕಂಪನಿ ಕಡೆಯೋಳು, ಆಚೆ ಇರು. ನಿಮ್ಮ ಮಷೀನು ಬಟ್ಟೆ ಒಗೆಯಲ್ಲಮ್ಮ, ನೆನೆಹಾಕುತ್ತೆ. ಅಷ್ಟಕ್ಕೆ ಒಂದು ಬಕೆಟ್ ಸಾಕಾಗಿತ್ತು.”

‘ಮನೆಗೊಂದು ಜೊತೆಗೈ’ ಎಂಬ ಆ ಕಂಪನಿಯ ಘೋಷಣೆಯನ್ನು ಹೊಸೆದವಳು ಅವಳೇ. ಅತ್ತೆಯ ಮಾತು ನಾಟಿತು. ಅತ್ತೆಯ ಊದಿದ ಕೈಗಳ ಫೋಟೋ ತೆಗೆದು ಕೆಳಗೆ ಬರೆದಳು: ‘ಹನ್ನೊಂದೇ ತಿಂಗಳಿಗೆ ನಿಂತಿದೆ. ನಾಲ್ಕು ದೂರು, ಒಬ್ಬರೂ ಬರಲಿಲ್ಲ. ಮನೆಗೊಂದು ಜೊತೆಗೈಯಂತೆ! ಇಗೋ, ಆ ಕೈ.’ ನಲವತ್ತು ಮಂದಿ ಬಂಧುಗಳಷ್ಟೇ ನೋಡುವ ತನ್ನ ಸ್ವಂತ ಖಾತೆಗೆಂದು ಬರೆದದ್ದು. ಕೈ ಒದ್ದೆಯಾಗಿತ್ತು, ಮೈ ಉರಿಯುತ್ತಿತ್ತು. ಮೂಲೆಯ ಚಿತ್ರವನ್ನು ಮುಟ್ಟಲಿಲ್ಲ. ಅಲ್ಲಿದ್ದುದು ಕಂಪನಿಯ ಮುಖ.

ಕಂಪನಿ ತನ್ನ ಬಾಯಿಂದಲೇ ತನ್ನನ್ನು ಬೈದುಕೊಂಡ ಆ ಮಾತು ಎಂಬತ್ತು ಸಾವಿರ ಜನರ ಮುಂದೆ ಹೋಗಿ ನಿಂತಿತು. ಅರ್ಧ ಗಂಟೆಯಲ್ಲಿ ಯಜಮಾನರ ಕರೆ.

“ಏನಮ್ಮಾ ಇದು? ಕೂತ ಕೊಂಬೆ ಕಡಿದಿದ್ದಲ್ಲದೆ ಫೋಟೋ ಬೇರೆ ತೆಗೆದು ಹಾಕಿದ್ದೀಯಲ್ಲ!”

ಅಳಿಸಿ ಪ್ರಯೋಜನವಿರಲಿಲ್ಲ, ಪ್ರತಿಗಳು ಆಗಲೇ ಊರೂರು ಸುತ್ತುತ್ತಿದ್ದವು. ಸಂಜೆಯ ಹೊತ್ತಿಗೆ ಮುನ್ನೂರ ಹನ್ನೆರಡು ಜನ ‘ನಮ್ಮನೇಲೂ ಇದೇ ಕತೆ’ ಎಂದು ಬರೆದಿದ್ದರು. ‘ತನ್ನ ತಪ್ಪು ತಾನೇ ಒಪ್ಪಿಕೊಳ್ಳೋ ಕಂಪನಿ ಇದೇ ಮೊದಲು’ ಎಂದು ಹೊಗಳಿದವರೂ ಇದ್ದರು.

ಆ ಹೊಗಳಿಕೆ ಯಜಮಾನರಿಗೆ ದಾರಿ ತೋರಿಸಿತು. ಮರುದಿನ ಕಂಪನಿಯ ಮೆಟ್ಟಿಲು ಹತ್ತುತ್ತಾ ದನಿ ತಗ್ಗಿಸಿದರು: “ಬೇಕಂತಲೇ ಮಾಡಿದ ಪ್ರಚಾರ ಅಂದುಬಿಡೋಣ. ಆ ಕೈ ಒಬ್ಬ ನಟಿಯದು ಅಂತ. ನೀನು ಹೂಂ ಅಂದ್ರೆ ಕೆಲಸ ಉಳಿಯುತ್ತೆ, ಹೆಸರೂ ಬರುತ್ತೆ. ಊಹೂಂ ಅಂದ್ರೆ ನಾನೇನೂ ಮಾಡೋಕಾಗಲ್ಲ.”

“ನಮ್ಮತ್ತೆಗೆ ಗೊತ್ತಾದ್ರೆ ಸಂಭಾವನೆ ಕೇಳ್ತಾರೆ ಸರ್,” ಎಂದಳಾದರೂ ನಗು ಬರಲಿಲ್ಲ. ಮಗಳ ಕಾಲೇಜು ನಡೆಯುತ್ತಿದ್ದುದು ಅವಳ ಸಂಬಳದ ಮೇಲೆ.

ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇತ್ತು. ಹಿಂದಿನ ಸಂಜೆ ಊಟದ ಮೇಜಿನ ಮುಂದೆ ಕುಳಿತು ಆ ಮುನ್ನೂರ ಹನ್ನೆರಡನ್ನೂ ಓದಿ ಗೆರೆ ಎಳೆದು ವಿಂಗಡಿಸಿದ್ದಳು. ಇನ್ನೂರಕ್ಕೂ ಹೆಚ್ಚು ಜನರದು ಒಂದೇ ದೂರು: ನೀರು ಹೊರಗೆ ಹೋಗುವುದಿಲ್ಲ. ಹೀಗೆ ದೂರು ಬರೆಯುವವರು ನೊಂದವರೇ, ಸುಖವಾಗಿರುವವರ ಎಣಿಕೆ ಇದರಲ್ಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಮಷೀನು ಕೊಂಡ ತಿಂಗಳನ್ನು ತಿಳಿಸಿದವರಲ್ಲಿ ಹೆಚ್ಚಿನವರು ಅದೇ ಎರಡು ತಿಂಗಳಲ್ಲಿ ಕೊಂಡವರು, ಅವಳೂ ಸೇರಿ. ಇದು ಬರೀ ಕೋಳಿಯ ಕೂಗಾಗಿ ಕಾಣಲಿಲ್ಲ.

“ಹಾಗಾದ್ರೆ ಇದು ಮೊದಲೇ ಯೋಚಿಸಿ ಮಾಡಿದ್ದಾ?” ಕಂಪನಿಯ ಮ್ಯಾನೇಜರ್ ಕೇಳಿದರು. ಯಜಮಾನರು ಅವಳತ್ತ ನೋಡಿದರು.

“ಇಲ್ಲ ಸರ್. ಖಾತೆ ನೋಡದೆ ಹಾಕಿಬಿಟ್ಟೆ, ತಪ್ಪು ನಂದು. ಆ ಕೈ ನಮ್ಮತ್ತೇದು. ನಟಿ ಅಂದುಬಿಟ್ರೆ ಈ ಮುನ್ನೂರು ಜನರೂ ನಾಟಕದೋರು ಅಂದ ಹಾಗಾಗುತ್ತೆ.” ನೋಟ್‌ಬುಕ್ಕನ್ನು ಮುಂದೆ ಸರಿಸಿದಳು.

ಮೇಜಿನ ಕೊನೆಯಲ್ಲಿದ್ದ ರಿಪೇರಿ ವಿಭಾಗದ ಹಿರಿಯರು ಕನ್ನಡಕ ಏರಿಸಿ ಪುಟ ತಿರುವಿದರು. “ನೀರು ಹೊರಹಾಕೋ ಪಂಪು. ಆರು ತಿಂಗಳಿಂದ ಬರೀತಾ ಇದ್ದೀನಿ ಸರ್. ನನ್ನ ಕಾಗದಕ್ಕೆ ಒಂದು ಲೈಕೂ ಬರಲಿಲ್ಲ.”

ಆ ಎರಡು ತಿಂಗಳ ಮಷೀನುಗಳ ಪಂಪನ್ನೆಲ್ಲ ಬದಲಾಯಿಸಿಕೊಡುವುದಾಗಿ ಕಂಪನಿ ಒಪ್ಪಿತು. ಅಂದೇ ಮಧ್ಯಾಹ್ನ ತನ್ನ ಖಾತೆಯನ್ನು ಅವಳ ಕೈಯಿಂದ ಕಿತ್ತುಕೊಂಡಿತು. ಅವಳನ್ನೂ ಮನೆಗೆ ಕಳಿಸುತ್ತಾರೆಂದೇ ಫೋಟೋಗ್ರಾಫರ್ ಎಣಿಸಿದ್ದ. ಯಜಮಾನರು ಒಂದು ವಾರ ಮಾತು ಬಿಟ್ಟರು. ಆಮೇಲೆ ಹಲ್ಲಿನ ಆಸ್ಪತ್ರೆಯ ಕಡತವನ್ನು ಅವಳ ಮೇಜಿನ ಮೇಲಿಟ್ಟು, “ಐದು ಮುಖ ಉಳಿದಿದೆ. ಜೋಪಾನ,” ಎಂದಷ್ಟೇ ಹೇಳಿ ಹೋದರು.

ಹತ್ತನೆಯ ದಿನ ಮೆಕ್ಯಾನಿಕ್ ಬಂದು ಪಂಪು ಬದಲಿಸಿದ. ನೀರು ಗುಳುಗುಳು ಎನ್ನುತ್ತ ಹೊರಗೆ ಹರಿಯುವುದನ್ನು ಅತ್ತೆ ಕಣ್ಣು ಮಿಟುಕಿಸದೆ ನೋಡಿದರು.

“ನಿನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತೇನೇ? ಇಲ್ಲಾ ಇವರೇ ಬರೋ ದಿನ ಬಂದಿತ್ತಾ?”

“ಗೊತ್ತಿಲ್ಲ ಅತ್ತೆ. ಇನ್ನೊಂದ್ಸಲ ಬೈದು ನೋಡಿದ್ರೆ ತಿಳಿಯುತ್ತೆ.”

“ಬೈಯೋದಾದ್ರೆ ಮೊದಲೇ ಹೇಳು,” ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡರು, “ತಲೆ ಬಾಚ್ಕೋತೀನಿ. ಎಂಬತ್ತು ಸಾವಿರ ಜನ ಬರೀ ಕೈ ನೋಡಿ ಹೋದ್ರು.”