ಆಳುಗಳಿಗೆ ಮಾಡಿದ ಉಪ್ಸಾರು

ಮೀಸೆ ಚಿಗುರುವ ವಯಸ್ಸಿನಲ್ಲಿ ನಾನೂ ನನ್ನೊಬ್ಬ ಗೆಳೆಯನೂ ಕೊಳ್ಳೇಗಾಲದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರ ಹತ್ತಿರ ಮೂಟೆ ಹೊರುವ ಆಳುಗಳಾಗಿದ್ದೆವು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದಿನಿಂದಲೇ ಅದು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಆ ಗೆಳೆಯ ಹೇಳಿಬಿಡುತ್ತಿದ್ದ. ಮುಂದೆ ಷೇರು ಕೊಂಡು ಮಾರಿ ಕೋಟಿಗಟ್ಟಲೆ ಗಳಿಸಿದ. ಗುಟ್ಟೇನು ಎಂದರೆ, "ಕಂಪನಿನೂ ಗೂಡಿನಂಗೇ ಕಣ್ಲಾ. ಒಳಗೆ ಜೀವ ಅದ್ಯಾ ಅಂತ ಅಲ್ಲಾಡ್ಸಿ ನೋಡ್ಬೇಕು" ಎಂದು ನಗುತ್ತಿದ್ದ.

ಕೊಡುವುದರಲ್ಲೂ ಅವನದು ಧಾರಾಳ ಕೈ. ಹನೂರಿನ ಕಡೆ ಶಾಲೆಗಳಿಗೆ ಕೋಣೆ ಕಟ್ಟಿಸಿದ. ಯಳಂದೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಿಸಿ, ಅದರ ಪ್ರಾರಂಭೋತ್ಸವಕ್ಕೆ ಬರುವ ಮುಂಚೆ ಮಾಂಬಳ್ಳಿಯಲ್ಲಿದ್ದ ನನಗೆ ಫೋನ್ ಮಾಡಿದ.

"ಮಧ್ಯಾಹ್ನ ಮಾಂಬಳ್ಳಿಗೇ ಬತ್ತೀನಿ, ನಿಮ್ಮನೇಲೇ ಊಟ. ಉಪ್ಸಾರು, ಮುದ್ದೆ ಮಾಡ್ಸು. ಅವ್ವ ತೀರ್ಕಂಡ ಮೇಲೆ ತಿಂದೇ ಇಲ್ಲ ಕಣ್ಲಾ."

ನನ್ನ ಹೆಂಡತಿ ಅಂದು ಬೆಳಿಗ್ಗೆಯೇ ಸೊಪ್ಪು, ಕಾಳು ಬೇಯಿಸಿ ಉಪ್ಸಾರಿಟ್ಟು, ಖಾರ ಅರೆದಳು. ಆದರೆ ಅವನ ಜೊತೆ ಅಧಿಕಾರಿಗಳೂ ಬರುತ್ತಾರೆಂದು ತಿಳಿದಾಗ ನನಗೆ ನಾಚಿಕೆ ಹತ್ತಿಕೊಂಡಿತು. ಅಷ್ಟು ದೊಡ್ಡ ಮನುಷ್ಯನಿಗೆ ಮುದ್ದೆ ಇಕ್ಕುವುದೇ? ಕೊಳ್ಳೇಗಾಲದಿಂದ ಅಡುಗೆಯವರನ್ನು ಕರೆಸಿದೆ. ಪಲಾವು, ಒಬ್ಬಟ್ಟು, ಎರಡು ಬಗೆ ಪಲ್ಯ.

"ಅವ್ರು ಕೇಳಿದ್ದು ಇದಲ್ವಲ್ಲ" ಎಂದಳು ಅವಳು.

"ನಿಂಗೊತ್ತಾಗಲ್ಲ, ಸುಮ್ನಿರು" ಎಂದು ಉಪ್ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿಟ್ಟೆ.

ಎಲೆಯ ಮುಂದೆ ಕೂತವನು ಮೂಗರಳಿಸಿ, "ಉಪ್ಸಾರಿನ ವಾಸ್ನೆ ಬತ್ತಾ ಅದಲ್ಲಾ?" ಎಂದ.

ಅಕ್ಕಪಕ್ಕ ಅಧಿಕಾರಿಗಳಿದ್ದರು. "ಅದು ಆಳುಗಳ್ಗೆ ಮಾಡಿರದು, ಸಾ" ಎಂದುಬಿಟ್ಟೆ. ಅವನನ್ನು 'ಸಾ' ಎಂದು ಕರೆದದ್ದು ಅದೇ ಮೊದಲು.

ಅವನು ನನ್ನ ಕಡೆ ತಿರುಗಿ, "ನಾವೂ ಆಳುಗಳೇ ಅಲ್ವೇನ್ಲಾ" ಎಂದ. ತಮಾಷೆಯೆಂದುಕೊಂಡು ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಅರ್ಧ ಒಬ್ಬಟ್ಟು ತಿಂದು ಎಲೆ ಮಡಚಿದ. ಹೊರಡುವಾಗ ಎಂದಿನಂತೆ ಬೆನ್ನಿಗೆ ಗುದ್ದಲಿಲ್ಲ, ಕೈ ಮುಗಿದ.

ಎರಡು ತಿಂಗಳಿಗೆ ಹೃದಯ ನಿಂತು ಹೋಗಿಬಿಟ್ಟ. ಪತ್ರಿಕೆಯಲ್ಲಿ ಅವನ ದಾನಧರ್ಮದ ಬಗ್ಗೆ ಬಹಳ ಬರೆದಿದ್ದರು. ಓದುತ್ತಾ ನನಗೆ ನೆನಪಾದದ್ದು ಆ ದಿನ ಕಾರುಗಳೆಲ್ಲ ಹೋದ ಮೇಲಿನ ಹೊತ್ತು. ಅವನು ಬಾಯಿಬಿಟ್ಟು ನನ್ನಲ್ಲಿ ಕೇಳಿದ್ದು ಆ ಉಪ್ಸಾರು, ಮುದ್ದೆಯನ್ನಷ್ಟೇ. ಹೆಂಡತಿ ಅದನ್ನೇ ತಟ್ಟೆಗೆ ಬಡಿಸಿ ತಂದು ನನ್ನ ಮುಂದಿಟ್ಟಿದ್ದಳು. ಅವನಿಗೆಂದು ಅವಳು ಕಟ್ಟಿಟ್ಟಿದ್ದ ಮುದ್ದೆ ಆರಿ ಮೇಲೆ ಗಟ್ಟಿಯಾಗಿತ್ತು.

"ತಿನ್ನಿ" ಎಂದಿದ್ದಳು. "ಆಳುಗಳ್ಗೆ ಮಾಡಿರದು."