ಕೆಮ್ಮಣ್ಣು ಬಳಿದ ಬಿಳಿಮರಿ

ಅವರ ಹೆಬ್ಬೆರಳು ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗುತ್ತಿತ್ತು. ಜಗಳೂರಿನ ನಮ್ಮ ಹೈಸ್ಕೂಲಿಗೆ ಬಂದ ಮೊದಲ ದಿನವೇ ಜೀವಶಾಸ್ತ್ರದ ಸಾರ್ ಅದನ್ನು ಬಾಗಿಸಿ ತೋರಿಸಿ, "ಎಲ್ಲಿ, ನೀವೂ ಮಾಡ್ರಿ" ಅಂದರು. ತರಗತಿಯೆಲ್ಲ ಹೆಬ್ಬೆರಳು ಎತ್ತಿತು. ಕೆಲವರದು ಬಾಗಿತು, ನನ್ನದು ಜಪ್ಪಯ್ಯ ಅಂದರೂ ಬಾಗಲಿಲ್ಲ. "ನೋಡಿದ್ರಾ? ಒಬ್ಬರಿದ್ದಂಗೆ ಇನ್ನೊಬ್ಬರಿಲ್ಲ. ಪಾಠ ಇಲ್ಲಿಂದಾನೇ ಶುರು!" ಅಂತ ಮೇಜಿಗೆ ಎರಡು ಏಟು ಬಾರಿಸಿದರು. ಖುಷಿಯಾದಾಗಲೆಲ್ಲ ಮೇಜಿಗೆ ಏಟು ಬೀಳಲೇಬೇಕು.

ಚನ್ನಗಿರಿ ಕಡೆಯವರು. ಕೂತು ಪಾಠ ಮಾಡಿದ್ದನ್ನು ನಾನಂತೂ ನೋಡಿಲ್ಲ. ಬಸ್ಸಿನಲ್ಲಿ ಪಕ್ಕದವರ ಕಿವಿಹಾಲೆ ಅಂಟಿದೆಯೋ ಬಿಟ್ಟಿದೆಯೋ ಅಂತ ಬಗ್ಗಿ ನೋಡಲು ಹೋಗಿ ಬೈಸಿಕೊಂಡಿದ್ದೂ ಉಂಟಂತೆ. ಅದನ್ನು ನಮಗೆ ಹೇಳಿ ಅವರೇ ಮೊದಲು ನಗುತ್ತಿದ್ದರು.

ಹತ್ತನೇ ತರಗತಿಯಲ್ಲಿ ನೈಸರ್ಗಿಕ ಆಯ್ಕೆಯ ಪಾಠ ಬಂತು. ನಮ್ಮವ್ವ ಕೋಳಿ ಸಾಕಿದ್ದಳು. "ಹದ್ದು ಬಿಳಿ ಮರೀನೇ ನೋಡಿ ಎತ್ತತೈತಂತೆ ಸಾರ್" ಅಂದೆ.

"ಹಂಗಂತ ಎಲ್ಲಾರೂ ಅಂತಾರವ್ವ. ಎಣಿಸಿದೋರು ಯಾರು?"

ಅಷ್ಟು ಸಾಕಾಯಿತು. ನಮ್ಮ ಓಣಿಯಲ್ಲಿದ್ದ ಮರಿಗಳನ್ನೆಲ್ಲ ಬಣ್ಣದ ಪ್ರಕಾರ ಒಂದು ಪುಸ್ತಕದಲ್ಲಿ ಬರೆದೆವು. ಪ್ರತಿ ಸೋಮವಾರ ಎಣಿಕೆ. ಹುಡುಗರು ಹುಡುಗಿಯರು ಸೇರಿ ಮನೆಮನೆಯ ಹಿತ್ತಿಲು ನುಗ್ಗುತ್ತಿದ್ದೆವು. ಹೆಂಗಸರು ಮೊದಲು ಬೈದರು, ಆಮೇಲೆ ಅವರೇ ನಮ್ಮನ್ನು ಕರೆದು "ನಿನ್ನೆ ಒಂದು ಹೋತು, ಬರಕೋರಿ" ಅನ್ನತೊಡಗಿದರು. ಅಂಥ ಸಡಗರವನ್ನು ನಾನು ಯಾವ ಪಾಠದಲ್ಲೂ ಕಂಡಿಲ್ಲ.

ನನ್ನ ಸಂಕಟ ಮಾತ್ರ ಬೇರೆ. ಬಿಳಿ ಮರಿಗಳಲ್ಲಿ ಒಂದು ನನ್ನದು. ನನ್ನ ಅಂಗೈಯಲ್ಲೇ ನುಚ್ಚು ತಿಂದು ಬೆಳೆದದ್ದು. ಎರಡನೇ ವಾರಕ್ಕೆ ಓಣಿಯ ಬಿಳಿ ಮರಿಗಳು ಅರ್ಧಕ್ಕರ್ಧ ಮಾಯವಾದಾಗ ನನಗೆ ಅನ್ನ ಸೇರಲಿಲ್ಲ. ಗೋಡೆಗೆ ಬಳಿಯಲು ಅವ್ವ ತಂದಿಟ್ಟಿದ್ದ ಕೆಮ್ಮಣ್ಣು ಕಣ್ಣಿಗೆ ಬಿತ್ತು. ತೊಯ್ದರೆ ಮರಿ ಥಂಡಿಗೆ ಸತ್ತೀತೆಂದು ಒಣಪುಡಿಯನ್ನೇ ದಿನಾ ಬೆಳಿಗ್ಗೆ ಅದರ ರೆಕ್ಕೆಗೆ, ಬೆನ್ನಿಗೆ ಉಜ್ಜಿ ಬಿಟ್ಟೆ. ನೆಲದ ಬಣ್ಣದಲ್ಲಿ ಮರಿ ಬೆರೆತೇ ಹೋಯಿತು. ಸೋಮವಾರ ಬಂದರೆ ಎಣಿಸುವವರು ಬರುವ ಮುಂಚೆ ಕೊಡವಿ ಬೆಳ್ಳಗೆ ಮಾಡುತ್ತಿದ್ದೆ. ಎಂಥಾ ಬುದ್ಧಿವಂತೆ ನಾನು!

ತಿಂಗಳು ಕಳೆಯುವಷ್ಟರಲ್ಲಿ ಬೇರೆ ಬಣ್ಣದವು ಬಹುಪಾಲು ಉಳಿದಿದ್ದವು, ಬಿಳಿ ಮರಿ ಉಳಿದದ್ದು ನನ್ನದೊಂದೇ. ಸಾರ್ ಪುಸ್ತಕ ಹಿಡಿದು ತರಗತಿಯ ಮುಂದೆ ನಿಂತರು. "ಎಲ್ಲಾ ಹೋದ್ವು, ಇದೊಂದು ಹೆಂಗೆ ಉಳೀತು? ನನಗೆ ಗೊತ್ತಾಗವಲ್ದು" ಅಂದರು. ಮೇಷ್ಟ್ರೊಬ್ಬರು ಗೊತ್ತಿಲ್ಲ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಅಳುತ್ತಲೇ ಎಲ್ಲ ಒಪ್ಪಿಕೊಂಡೆ.

ಬೈಗುಳ ಬರಲಿಲ್ಲ, ಮೇಜಿಗೆ ಎರಡು ಏಟು ಬಿದ್ದವು. "ಬಣ್ಣ ಬದಲಾತು, ಹದ್ದಿಗೆ ಕಾಣಲಿಲ್ಲ, ಉಳೀತು! ನಮ್ಮ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೇನ್ರೋ? ಆದ್ರೆ ತಂಗಿ, ಮುಚ್ಚಿಟ್ಟ ಲೆಕ್ಕ ಲೆಕ್ಕ ಅಲ್ಲ. ಏನು ಮಾಡಿದ್ಯೋ ಅದನ್ನ ನಿನ್ನ ಕೈಯಾರೆ ಬರಿ." ಬರೆದೆ. ಆಮೇಲೆ ಅವರು ಕೇಳಿದ ಪ್ರಶ್ನೆ ಇಡೀ ತರಗತಿಯನ್ನು ಎರಡು ಪಂಗಡ ಮಾಡಿತು: "ಈ ಮರಿ ಬೆಳೆದು ಮೊಟ್ಟೆ ಇಟ್ರೆ, ಕೆಮ್ಮಣ್ಣಿನ ಬಣ್ಣ ಅದರ ಮರಿಗಳಿಗೆ ಇಳೀತದಾ?"

ಅಲ್ಲಿಂದ ಕಾದೆವು. ಪರೀಕ್ಷೆ ಮುಗಿದರೂ ಕಾದೆವು. ಕೋಳಿ ಕಾವಿಗೆ ಕೂತು ಎಂಟು ಮರಿ ಮಾಡಿದ ದಿನ ಅರ್ಧ ತರಗತಿ ನಮ್ಮ ಹಿತ್ತಿಲಲ್ಲಿತ್ತು. ನಾಲ್ಕು ತಿಳಿ ಹಳದಿ, ನಾಲ್ಕು ಕೆಂಚು! "ಇಳಿದೈತೆ ಸಾರ್, ಕೆಮ್ಮಣ್ಣು ಇಳಿದೈತೆ!" ಅಂತ ಒಂದು ಪಂಗಡ ಕುಣಿಯಿತು. ಸಾರ್ ಹೊಟ್ಟೆ ಹಿಡಿದು ನಕ್ಕು ಕಾಂಪೌಂಡ್ ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಪಕ್ಕದ ಮನೆಯ ಕೆಂಚು ಹುಂಜ ಕತ್ತು ನಿಗುರಿಸಿ ನಿಂತಿತ್ತು. "ಅಪ್ಪನ್ನ ಮರೆತುಬಿಟ್ರಲ್ರೋ! ಮೇಲೆ ಬಳಿದಿದ್ದು ಮೊಟ್ಟೆ ಒಳಗೆ ಹೋಗಂಗಿಲ್ಲ. ಒಳಗಿದ್ದದ್ದು ಮಾತ್ರ ಇಳೀತೈತೆ." ಹಳದಿ ಮರಿಗಳಿಗೆ ಪುಕ್ಕ ಬಂದಾಗ ಅವು ಅಚ್ಚ ಬಿಳಿಯಾದವು. ಆ ವೇಳೆಗೆ ಸಾರ್‌ಗೆ ಹೊನ್ನಾಳಿಗೆ ವರ್ಗವಾಗಿತ್ತು. "ಇವನ್ನೂ ಎಣಿಸಿ ಬರಿ" ಅಂತ ಪುಸ್ತಕ ನನ್ನ ಕೈಗೇ ಕೊಟ್ಟು ಹೋಗಿದ್ದರು.

ನಾನೂ ಈಗ ನ್ಯಾಮತಿಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಹೋದ ವರ್ಷ ಅವರಿಗೆ ಹುಷಾರಿಲ್ಲವೆಂದು ಕೇಳಿ ಚನ್ನಗಿರಿಗೆ ಹೋದೆ. ಮಂಚ ಹಿಡಿದಿದ್ದರು, ಮಾತು ಸಣ್ಣಗಾಗಿತ್ತು. ನನ್ನ ಗುರುತು ಹಿಡಿದದ್ದೇ ಕಣ್ಣರಳಿಸಿ ಕೇಳಿದರು: "ಆ ನಾಲ್ಕು ಬಿಳಿ ಮರಿ... ಎಷ್ಟು ಉಳಿದ್ವು?"

"ಒಂದೂ ಉಳೀಲಿಲ್ಲ ಸಾರ್. ಲೆಕ್ಕ ಕೆಡತೈತೆ ಅಂತ ಆ ಸಲ ಮಣ್ಣು ಹಚ್ಚಲಿಲ್ಲ. ಬರೆಯಾಕೆ ಮನಸ್ಸು ಬರಲಿಲ್ಲ."

ನಾನು ಹೊರಡುವಾಗ ನನ್ನ ಕೈ ಹಿಡಿದು, "ಬರಿಯವ್ವ" ಅಂದರು. ಅದೇ ವಾರ ಹೋಗಿಬಿಟ್ಟರು.

ಬರೆದಿದ್ದೇನೆ ಸಾರ್. ನಾಲ್ಕರಲ್ಲಿ ನಾಲ್ಕೂ ಹೋದವು.