ಗಂಟಲು ಹೋಯಿತು, ಕಿವಿ ಹೋಗಿಲ್ಲ

ಮೋಸೆಲ್ ನದಿಯ ದಂಡೆಯ ಆ ಊರಿನಲ್ಲಿ ಹೆರಿಬರ್ಟ್‌ನ ದನಿ ಗೊತ್ತಿಲ್ಲದವರೇ ಇರಲಿಲ್ಲ. ಕಸುಬಿನಲ್ಲಿ ವೈನಿನ ಪೀಪಾಯಿ ಕಟ್ಟುವವನು. ಗುರುವಾರ ಸಂಜೆಯಾದರೆ ಗಂಡಸರ ಗಾಯನ ಸಂಘದಲ್ಲಿ ಹಿಂದಿನ ಸಾಲಿನ ಮಂದ್ರದವನು. ಅವನು ಕೆಳಗಿನ ಸ್ವರ ಹಿಡಿದರೆ ಮೇಜಿನ ಮೇಲಿನ ಗ್ಲಾಸುಗಳು ಗುಂಯ್‌ಗುಡುತ್ತವೆ ಎನ್ನುತ್ತಿದ್ದರು. ಅಂಥವನಿಗೆ ಮುದಿವಯಸ್ಸಿನಲ್ಲಿ ಗಂಟಲ ಕ್ಯಾನ್ಸರ್ ಬಂತು. ಟ್ರಿಯರ್ ನಗರದ ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ, ಉಸಿರಾಡಲು ಕುತ್ತಿಗೆಯ ಬುಡದಲ್ಲಿ ಒಂದು ತೂತು ಮಾಡಿ ಕಳಿಸಿದರು. ಆ ತೂತನ್ನು ಹೆಬ್ಬೆರಳಿನಿಂದ ಒತ್ತಿಕೊಂಡರೆ ಗೊರಗೊರ ಎಂದು ಮಾತು ಹೊರಡುತ್ತಿತ್ತು. ಹಾಡು ಹೊರಡುತ್ತಿರಲಿಲ್ಲ.

ಮನೆಗೆ ಬಂದು ಸ್ವಲ್ಪ ಚೇತರಿಸಿಕೊಂಡ ಮೇಲೆ ಅವನು ಮೊದಲು ಹುಡುಕಿದ್ದು ಗ್ರಾಮಫೋನ್ ತಟ್ಟೆಯನ್ನು. ಪ್ಲೇಯರಿನ ಕೆಳಗಿನ ಗೂಡಿನಲ್ಲಿ ಅದು ಇರಲಿಲ್ಲ.

"ಓಡೀಲಿಯಾ, ತಟ್ಟೆ ಎಲ್ಲಿ?"

"ಯಾವ ತಟ್ಟೆ?" ಎಂದಳು ಹೆಂಡತಿ, ಆಲೂಗೆಡ್ಡೆ ಸುಲಿಯುತ್ತ.

"ಊಟದ ತಟ್ಟೆ ಅಲ್ಲ. ಗೊತ್ತಿದ್ದೂ ಕೇಳ್ಬೇಡ."

ಅವಳು ಚಾಕು ಕೆಳಗಿಟ್ಟಳು. "ನಿಂಗೆ ನೋವಾಗತ್ತೆ ಅಂತ ಎತ್ತಿಟ್ಟಿದೀನಿ. ಮನಸ್ಸಿಗೆ ಹಚ್ಕೊಳ್ಳೋಕೆ ಬಿಡಬೇಡಿ ಅಂತ ಡಾಕ್ಟ್ರು ಹೇಳಿದಾರೆ."

"ನನ್ನ ಗಂಟಲು ಹೋಗಿದೆ, ಕಿವಿ ಹೋಗಿಲ್ಲ. ತಾ ಇಲ್ಲಿ."

ಮಡಿಚಿಟ್ಟ ಹಾಸಿಗೆ ಬಟ್ಟೆಗಳ ಅಡಿಯಿಂದ ಅವಳು ಅದನ್ನು ತಂದುಕೊಟ್ಟಳು. ಅವರ ಸಂಘದವರೇ ಪ್ರಾಯದಲ್ಲಿ ಊರಿನ ಹೋಟೆಲಿನ ಕುಣಿತದ ಕೋಣೆಯಲ್ಲಿ ಕೂತು ಹಾಡಿ ಮುದ್ರಿಸಿದ ಕುಡಿತದ ಹಾಡುಗಳು. ಎರಡನೆಯ ಬದಿಯ ಒಂದು ಹಾಡನ್ನು ಹೆರಿಬರ್ಟ್ ಒಬ್ಬನೇ ಎತ್ತಿಕೊಳ್ಳುತ್ತಾನೆ. ಸಾಲು ಮುಗಿದ ಮೇಲೆ ಉಳಿದವರೆಲ್ಲ ಬಂದು ಕೂಡಿಕೊಳ್ಳುತ್ತಾರೆ.

ಅವನು ಬೀದಿ ಕಡೆಯ ಕಿಟಕಿಯನ್ನು ಪೂರ್ತಿ ತೆರೆದ. ತಟ್ಟೆಯನ್ನು ತೋಳಿನಿಂದ ಒರೆಸಿ, ಮುಳ್ಳು ಇಳಿಸಿ, ಸದ್ದಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಮೊದಲು ಕರಕರ, ಆಮೇಲೆ ಅಕಾರ್ಡಿಯನ್, ಆಮೇಲೆ ಇಪ್ಪತ್ತು ಗಂಡಸರು, ವೈನಿನ ನೆಲಮಾಳಿಗೆಯ ಬೀಗದ ಕೈ ಕಳೆದುಕೊಂಡ ಪಾದ್ರಿಯನ್ನು ಹಾಡಿನಲ್ಲಿ ಗೇಲಿ ಮಾಡುತ್ತ ಮನೆಯೊಳಗೆ ನುಗ್ಗಿದರು. ಹೆರಿಬರ್ಟ್ ವೈನ್ ಬಗ್ಗಿಸಿಕೊಂಡ. ಮೂಗಿನಲ್ಲಿ ಗಾಳಿಯಾಡದ್ದರಿಂದ ಪರಿಮಳ ಹತ್ತುತ್ತಿರಲಿಲ್ಲ, ನಾಲಿಗೆಗೆ ಹುಳಿ ಮಾತ್ರ. ಹುಳಿಯಾದರೂ ಇದೆಯಲ್ಲ ಎಂದು ಕುಡಿದ. ಹಾಡಿನಲ್ಲಿ ಮುಷ್ಟಿ ಗುದ್ದುವ ಜಾಗ ಬಂದಾಗಲೆಲ್ಲ ಮೇಜು ಗುದ್ದಿದ. ತನ್ನದೇ ದನಿ ಬಂದಾಗ ಅವನು ಅಳುತ್ತಾನೆಂದು ಓಡೀಲಿಯಾ ಬಾಗಿಲಲ್ಲಿ ಕಾದಳು. ಅವನು ಸದ್ದಿಲ್ಲದೆ, ಭುಜ ಕುಣಿಸಿಕೊಂಡು ನಗುತ್ತಿದ್ದ.

"ಏನು ಜಂಬ ನೋಡು ಆ ನನ್ಮಗನಿಗೆ," ಎಂದ, ಪ್ಲೇಯರಿನ ಕಡೆ ಗಲ್ಲ ತೋರಿಸಿ.

ಬೀದಿಯಲ್ಲಿ ಹೋಗುವವರು ಆ ದನಿ ಕೇಳಿ ತಲೆ ತಗ್ಗಿಸಿದರು. ಒಬ್ಬಿಬ್ಬರು ಟೋಪಿ ತೆಗೆದರು. ಅದನ್ನು ಕಂಡದ್ದೇ ಅವನ ಪಿತ್ತ ನೆತ್ತಿಗೇರಿತು. ಕಿಟಕಿಗೆ ಬಗ್ಗಿ, "ಇಲ್ಲಿ ಹೆಣ ಇಟ್ಟಿಲ್ಲ. ಟೋಪಿ ಹಾಕ್ಕೊಂಡು ಒಳಗೆ ಬನ್ನಿ, ವೈನಿದೆ," ಎಂದ. ಆ ಗೊರಗೊರ ಬೀದಿಯವರೆಗೂ ಮುಟ್ಟಲಿಲ್ಲ. ಅದಕ್ಕೇ ಮರುದಿನವೂ ತಟ್ಟೆ ಹಾಕಿದ, ಅದರ ಮರುದಿನವೂ ಹಾಕಿದ.

ಕೊನೆಗೆ ಒಳಗೆ ಬಂದವನು ಅಂಚೆಯಿಂದ ನಿವೃತ್ತನಾದ ವೆಂಡೆಲೀನ್. ಮಂದ್ರದ ಸಾಲಿನಲ್ಲಿ ಆಯುಷ್ಯವಿಡೀ ಹೆರಿಬರ್ಟ್‌ನ ಪಕ್ಕ ನಿಂತವನು. ಎರಡು ಗ್ಲಾಸು ಇಳಿದ ಮೇಲೆ ತಟ್ಟೆಯ ಜೊತೆಗೇ ಹಾಡಿದ.

"ಆಗಲೂ ಅಪಸ್ವರ, ಈಗಲೂ ಅಪಸ್ವರ," ಎಂದ ಹೆರಿಬರ್ಟ್.

ವೆಂಡೆಲೀನ್ ಗ್ಲಾಸು ತಿರುಗಿಸುತ್ತ ಕೂತ. "ಒಂದು ಮಾತು ಹೇಳೋಕೆ ಕಳಿಸಿದಾರೆ ಕಣೋ. ಸಂಘದೋರು ನಿನ್ನ ಗೌರವ ಸದಸ್ಯ ಅಂತ ಮಾಡಿದಾರೆ. ವೈನ್ ಹಬ್ಬದ ದಿನ ಮುಂದಿನ ಸಾಲಲ್ಲಿ ಕುರ್ಚಿ. ಹೂಗುಚ್ಛನೂ ಉಂಟು."

"ಬದುಕಿರೋವಾಗ್ಲೇ ಹೂವು ಹಾಕ್ತಾರಾ?"

"ನಾನಲ್ಲಪ್ಪ, ರುಪರ್ಟ್ ಮೇಷ್ಟ್ರು."

ಗುರುವಾರ ಹೆರಿಬರ್ಟ್ ಅಭ್ಯಾಸಕ್ಕೆ ಹೋಗಿ ತನ್ನ ಜಾಗದಲ್ಲೇ ನಿಂತ. ರುಪರ್ಟ್ ಹಗಲು ಔಷಧಿ ಅಂಗಡಿ ನಡೆಸುವ, ಸಂಜೆ ಸಂಘಕ್ಕೆ ಹಾಡು ಕಲಿಸುವ ಮೃದು ಮಾತಿನವನು. ಅವನು ಹತ್ತಿರ ಬಂದು ಮೆಲ್ಲಗೆ, "ಹೆರಿಬರ್ಟ್ ಅವರೇ, ನೀವು ಮಾಡಿದ್ದು ಸಾಕು, ಇನ್ನು ಆರಾಮಾಗಿ ಕೂತು ಕೇಳಿ. ಹಾಡದೇ ಇರೋರು ಸಾಲಲ್ಲಿ ನಿಂತ್ರೆ ನೋಡೋರಿಗೆ ಹೇಗನ್ಸತ್ತೆ?" ಎಂದ.

ಹೆರಿಬರ್ಟ್ ಹೆಬ್ಬೆರಳು ಒತ್ತಿದ. "ಮೇಷ್ಟ್ರೇ, ನಿಮ್ಮ ಮುಂದಿನ ಸಾಲಲ್ಲಿ ಅರ್ಧ ಜನ ಹತ್ತು ವರ್ಷದಿಂದ ಬರೀ ತುಟಿ ಆಡಿಸ್ತಿದಾರೆ. ಅವರಿಗೂ ಕುರ್ಚಿ ಹಾಕಿ, ಆಮೇಲೆ ನಾನೂ ಕೂರ್ತೀನಿ."

ಮುಂದಿನ ಸಾಲಿನಲ್ಲಿ ಕೆಮ್ಮು ಎದ್ದಿತು. ವೆಂಡೆಲೀನ್ ಹಾಡಿನ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ರುಪರ್ಟ್ ಕೆಂಪಾದ. "ಹಬ್ಬದ ದಿನ ನೀವು ವೇದಿಕೆ ಹತ್ತೋದು ನಂಗಿಷ್ಟ ಇಲ್ಲ," ಎಂದಷ್ಟೇ ಹೇಳಿ ಅಭ್ಯಾಸ ಶುರು ಮಾಡಿದ.

ಹಬ್ಬದ ದಿನ ಓಡೀಲಿಯಾ ಕುತ್ತಿಗೆಯ ತೂತು ಕಾಣದಿರಲೆಂದು ಗಂಡನಿಗೆ ರೇಷ್ಮೆಯ ಕೊರಳವಸ್ತ್ರ ಸುತ್ತಿ, ತಾನೂ ಜೊತೆಗೆ ಹೊರಟಳು. ನದಿದಂಡೆಯ ಬಯಲಿನಲ್ಲಿ ಊರೆಲ್ಲ ಉದ್ದದ ಬೆಂಚುಗಳ ಮೇಲೆ ಈರುಳ್ಳಿ ಕೇಕು ತಿನ್ನುತ್ತ, ಹೊಸ ವೈನ್ ಕುಡಿಯುತ್ತ ಕೂತಿತ್ತು. ಸಂಘದವರು ವೇದಿಕೆ ಹತ್ತಿದಾಗ ಹೆರಿಬರ್ಟ್ ಮುಂದಿನ ಕುರ್ಚಿಯ ಮೇಲಿದ್ದ ಹೂಗುಚ್ಛವನ್ನು ಹೆಂಡತಿಯ ಕೈಗೆ ಕೊಟ್ಟು, ಹಿಂದಿನಿಂದ ಹತ್ತಿ ವೆಂಡೆಲೀನ್‌ನ ಪಕ್ಕ ನಿಂತ. ಉಸಿರಿಗೆ ಅಡ್ಡವಾಗುತ್ತದೆಂದು ಕೊರಳವಸ್ತ್ರ ಬಿಚ್ಚಿ ಜೇಬಿಗೆ ತುರುಕಿದ. ಬೆಂಚುಗಳಲ್ಲಿದ್ದವರು ಅವನ ಕುತ್ತಿಗೆಯನ್ನೇ ನೋಡಿದರು. ಅವನು ಕಣ್ಣು ತಗ್ಗಿಸಲಿಲ್ಲ. ತೂತು ಕಾಣುವಂತೆ ಬಿಟ್ಟುಕೊಂಡೇ ಎದೆ ಸೆಟೆಸಿ ನಿಂತ.

ರುಪರ್ಟ್ ಕೈಯೆತ್ತಿದ. ಹೆರಿಬರ್ಟ್ ಎಲ್ಲರೊಡನೆ ಉಸಿರು ಎಳೆದುಕೊಂಡ, ಎಲ್ಲರೊಡನೆ ಬಾಯಿ ತೆರೆದ, ಒಂದೊಂದು ಪದವನ್ನೂ ತುಟಿಯಲ್ಲಿ ಆಡಿದ. ಮೇಜು ಗುದ್ದುವ ಹಾಡು ಬಂದಾಗ ಬೂಟಿನಿಂದ ಹಲಗೆಯನ್ನು ಒದ್ದ. ವೇದಿಕೆ ಅದುರಿತು. ಮೊದಲು ಪೀಪಾಯಿ ಕಟ್ಟುವವರು, ಆಮೇಲೆ ಉಳಿದವರು ಬೆಂಚು ಗುದ್ದತೊಡಗಿದರು. ರುಪರ್ಟ್ ಇಡೀ ಸಂಜೆ ಒಮ್ಮೆಯೂ ಅವನತ್ತ ನೋಡಲಿಲ್ಲ.

"ನೀನು ಉಸಿರೆಳೆಯೋ ಸದ್ದು ಕೇಳಿ ನಾನು ಹಾಡು ಎತ್ಕೊಂಡೆ," ಎಂದ ವೆಂಡೆಲೀನ್ ಕೆಳಗಿಳಿಯುತ್ತ. "ಮೊದಲೆಲ್ಲ ನಿನ್ನ ಅಬ್ಬರದಲ್ಲಿ ನಂಗೆ ನನ್ನ ದನಿನೇ ಕೇಳ್ತಿರ್ಲಿಲ್ಲ."

ಚಳಿ ಹಿಡಿದ ಮೇಲೆ ಒಂದು ಗುರುವಾರ ರುಪರ್ಟ್ ಹೊಸ ಹಾಡಿನ ಹಾಳೆ ಹಂಚಿದ. ಹೆರಿಬರ್ಟ್‌ನನ್ನು ದಾಟಿ ಹೋದ. ಕೊನೆಯವನಿಗೂ ಕೊಟ್ಟಾದ ಮೇಲೆ ಕೈಯಲ್ಲಿ ಉಳಿದ ಒಂದನ್ನು ನೋಡುತ್ತ ನಿಂತು, ಹಿಂದಿರುಗಿ ಬಂದು ಅವನಿಗೆ ಚಾಚಿದ.

"ಮಂದ್ರ," ಎಂದ.

ಹೆರಿಬರ್ಟ್ ಹಾಳೆಯನ್ನು ದೂರ ಹಿಡಿದು ನೋಡಿದ. ಹೆಬ್ಬೆರಳು ಒತ್ತಿ, "ಕನ್ನಡಕ ಮರ್ತು ಬಂದಿದೀನಿ ಮೇಷ್ಟ್ರೇ. ಯಾವ ಸಾಲಿಂದು ಅಂತ ನೀವೇ ಸ್ವಲ್ಪ ಜೋರಾಗಿ, ಎಲ್ಲರಿಗೂ ಕೇಳೋ ಹಾಗೆ ಓದಿ," ಎಂದ.